ಮಲಗಿದರೆ ಇಳಿಯದ ಸುಸ್ತು

ಕೊನೆಯ ಕಿಮೋ ಮುಗಿದು ನಾಲ್ಕು ತಿಂಗಳಾಗಿದೆ. ಸ್ಕ್ಯಾನ್‌ನಲ್ಲಿ ಗೆಡ್ಡೆಯ ಸುಳಿವಿಲ್ಲ, ಉದುರಿದ ಕೂದಲೂ ಮತ್ತೆ ಬರುತ್ತಿದೆ. ನೋಡಲು ಬಂದ ನೆಂಟರು ‘ಸದ್ಯ, ಗುಣವಾಯಿತಲ್ಲ’ ಎಂದು ಹೇಳಿ ಹೋಗುತ್ತಾರೆ. ಆದರೆ ಸ್ನಾನ ಮಾಡಿ ತಲೆ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಮಂಚ ಬೇಕೆನಿಸುತ್ತದೆ. ರಾತ್ರಿಯಿಡೀ ಮಲಗಿದ್ದರೂ ಏಳುವಾಗಲೇ ಮೈ ಭಾರ.

ಕ್ಯಾನ್ಸರ್ ಗೆದ್ದ ಅನೇಕರ ಅನುಭವ ಇದು. ಹೊಲದಲ್ಲಿ ದುಡಿದು ಬಂದ ದಣಿವು ಒಂದು ಒಳ್ಳೆಯ ನಿದ್ದೆಗೆ ಇಳಿಯುತ್ತದೆ. ಈ ಸುಸ್ತು ಹಾಗೆ ಇಳಿಯುವುದಿಲ್ಲ. ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಇದು ಸೋಮಾರಿತನವಲ್ಲ, ಭ್ರಮೆಯೂ ಅಲ್ಲ; ವೈದ್ಯರು ಗುರುತಿಸಿ ಹೆಸರಿಟ್ಟಿರುವ ತೊಂದರೆ.

ಎಲ್ಲಿಂದ ಬರುತ್ತದೆ?

ಕಾರಣ ಒಂದೇ ಅಲ್ಲ. ರೋಗ ಮತ್ತು ಚಿಕಿತ್ಸೆ ಎರಡೂ ದೇಹದಲ್ಲಿ ಉರಿಯೂತ ಹುಟ್ಟಿಸುತ್ತವೆ. ರಕ್ತ ಕಡಿಮೆಯಾಗುತ್ತದೆ. ಕತ್ತಿಗೆ ರೇಡಿಯೇಷನ್ ಪಡೆದವರಲ್ಲಿ ಥೈರಾಯ್ಡ್ ಕುಂದಬಹುದು. ನೋವು, ನಿದ್ದೆಗೇಡು, ಖಿನ್ನತೆ, ಊಟ ಸೇರದಿರುವುದು ಇವೂ ಜೊತೆಗೂಡುತ್ತವೆ. ಆದ್ದರಿಂದ ಮೊದಲ ಕೆಲಸ ವೈದ್ಯರಿಗೆ ತಿಳಿಸುವುದು. ಹಿಮೋಗ್ಲೋಬಿನ್, ಥೈರಾಯ್ಡ್‌ನಂಥ ಪರೀಕ್ಷೆಗಳಲ್ಲಿ ಔಷಧಕ್ಕೆ ಬಗ್ಗುವ ಕಾರಣ ಸಿಕ್ಕರೆ ಅದಕ್ಕೇ ಚಿಕಿತ್ಸೆ ಆಗಬೇಕು.

ಇದರ ಮೇಲೆ ಇನ್ನೊಂದು ಕಾರಣವನ್ನು ನಾವೇ ಸೇರಿಸುತ್ತೇವೆ. ಸುಸ್ತೆಂದು ಮಲಗುತ್ತೇವೆ. ಬಳಸದ ಸ್ನಾಯು ಕರಗುತ್ತದೆ, ಹೃದಯದ ಕಸುವು ತಗ್ಗುತ್ತದೆ. ಆಗ ನಾಲ್ಕು ಮೆಟ್ಟಿಲು ಹತ್ತುವುದೂ ದೊಡ್ಡ ಕೆಲಸವಾಗಿ, ಮತ್ತಷ್ಟು ಸುಸ್ತಾಗುತ್ತದೆ. ಮತ್ತೆ ಮಲಗುತ್ತೇವೆ.

ವ್ಯಾಯಾಮ ಮಾಡುವುದೇನು?

ಈ ಸುತ್ತನ್ನು ಅದು ಕಡಿಯುತ್ತದೆ. ನಿಯಮಿತವಾಗಿ ನಡೆದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಸ್ನಾಯುಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ. ನಿನ್ನೆ ಏದುಸಿರು ತರಿಸಿದ ಕೆಲಸ ಕ್ರಮೇಣ ಹಗುರವಾಗುತ್ತದೆ. ನಿದ್ದೆ, ಮನಸ್ಸು ಎರಡೂ ಸುಧಾರಿಸುತ್ತವೆ.

2017ರಲ್ಲಿ ‘ಜಾಮಾ ಆಂಕಾಲಜಿ’ ಪತ್ರಿಕೆಯಲ್ಲಿ 113 ಅಧ್ಯಯನಗಳ, 11 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿದ ವರದಿ ಬಂತು. ಈ ಸುಸ್ತಿಗೆ ಮಾತ್ರೆಗಳಿಗಿಂತ ವ್ಯಾಯಾಮ ಮತ್ತು ಮನೋಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿದ್ದವು. 2019ರಲ್ಲಿ ಅಂತಾರಾಷ್ಟ್ರೀಯ ತಜ್ಞರ ತಂಡವೊಂದು ಅಳತೆಯನ್ನೂ ಹೇಳಿತು: ವಾರಕ್ಕೆ 3 ದಿನ, ದಿನಕ್ಕೆ 30 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಕನಿಷ್ಠ 12 ವಾರ.

ಹೇಗೆ ಶುರು ಮಾಡುವುದು?

ಮೂವತ್ತು ನಿಮಿಷ ಗುರಿ ಮಾತ್ರ. ಆರಂಭ ಐದೇ ನಿಮಿಷದಿಂದಾಗಲಿ, ಮನೆಯ ಅಂಗಳದಲ್ಲೇ ಆಗಲಿ. ಬೆಳಿಗ್ಗೆ ಐದು, ಸಂಜೆ ಐದು. ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ: ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು.

ಚೈತನ್ಯವಿದ್ದ ದಿನ ಮನೆಗೆಲಸವನ್ನೆಲ್ಲ ಒಮ್ಮೆಗೇ ಮುಗಿಸಲು ಹೋಗಬೇಡಿ, ಮರುದಿನ ಏಳಲಾಗದು. ಎಷ್ಟು ಹೊತ್ತು ನಡೆದಿರಿ, ಸುಸ್ತು ಹತ್ತರಲ್ಲಿ ಎಷ್ಟಿತ್ತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ದಿನದಿಂದ ದಿನಕ್ಕೆ ಕಾಣದ ಬದಲಾವಣೆ ತಿಂಗಳ ಕೊನೆಗೆ ಕಾಣುತ್ತದೆ.

ಎಲ್ಲಿ ಎಚ್ಚರ?

ಜ್ವರವಿದ್ದ ದಿನ ವ್ಯಾಯಾಮ ಬೇಡ. ಕ್ಯಾನ್ಸರ್ ಮೂಳೆಗೆ ಹಬ್ಬಿದ್ದರೆ, ಪ್ಲೇಟ್‌ಲೆಟ್ ತೀರ ಕಡಿಮೆಯಿದ್ದರೆ, ಚಿಕಿತ್ಸೆಯಿಂದ ಹೃದಯಕ್ಕೆ ಪೆಟ್ಟಾಗಿದ್ದರೆ ವೈದ್ಯರನ್ನು ಕೇಳದೆ ತೊಡಗಬೇಡಿ. ಪಾದ ಜೋಮು ಹಿಡಿದವರು ಸಮತಟ್ಟಾದ ಜಾಗದಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ನಡೆಯಬೇಕು. ಎದೆನೋವು, ತಲೆಸುತ್ತು, ತಡೆಯಲಾಗದ ಉಬ್ಬಸ ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರನ್ನು ಕಾಣಿ.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರಿಗೆ, ಕೈ ಬಾತುಕೊಳ್ಳುವ ಭಯದಿಂದ, ‘ಆ ಬದಿಯ ಕೈಯಲ್ಲಿ ಏನೂ ಎತ್ತಬೇಡಿ’ ಎನ್ನುವ ರೂಢಿಯಿತ್ತು. ತರಬೇತುದಾರರು ಕಲಿಸಿದಂತೆ ಭಾರವನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ ಕೈಬಾವು ಉಲ್ಬಣಿಸುವುದಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು.

ಮನೆಯವರಲ್ಲಿ ಒಂದು ಕೋರಿಕೆ. ‘ನೀನು ಮಲಗಿರು, ನಾವೆಲ್ಲ ಮಾಡ್ತೀವಿ’ ಎನ್ನುವುದು ಪ್ರೀತಿಯ ಮಾತೇ. ಆದರೆ ಸಂಜೆಯಾದಾಗ ಚಪ್ಪಲಿ ಮೆಟ್ಟಿಕೊಂಡು ‘ಬಾ, ಬೀದಿ ಕೊನೆಯವರೆಗೆ ಹೋಗಿ ಬರೋಣ’ ಎನ್ನಿ. ಅವರಿಗೆ ಈಗ ಬೇಕಾಗಿರುವುದು ಆ ಜೊತೆ.