ಬೆಂಕಿ ತಿಂದದ್ದೆಷ್ಟು?

ನಮ್ಮೂರು ಕಲಬುರಗಿ ಜಿಲ್ಲೆಯ ಗುಂಡಗುರ್ತಿ. ಮುತ್ಯಾ ಶಹಾಬಾದಿನಲ್ಲಿ ಪರಸಿ ಕಲ್ಲು ಕೊಯ್ಯುತ್ತಿದ್ದ. ನಾನು ಬೆಂಗಳೂರಿನ ಪೀಣ್ಯದಲ್ಲಿ ರೋಬೋಟಿನ ಕೈಯಿಂದ ಉಕ್ಕಿನ ತಗಡು ಕತ್ತರಿಸುತ್ತೇನೆ.

ರೋಬೋಟ್ ಎಂದರೆ ಸಿನಿಮಾದಲ್ಲಿ ಕುಣಿಯುವಂಥದ್ದಲ್ಲ, ಮಕ್ಕಳೇ. ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ ಒಂದೇ ತೋಳು. ಅದಕ್ಕೆ ಆರು ಕೀಲು. ಇಂಥ ಮೊದಲ ತೋಳು 'ಯುನಿಮೇಟ್' 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿತು. ಕಾದ ಲೋಹದ ತುಂಡುಗಳನ್ನು ಎತ್ತಿಡುವುದು ಅದರ ಪಾಲಿನ ಕೆಲಸ. ನಮ್ಮ ತೋಳಿನ ತುದಿಯಲ್ಲಿ ಪ್ಲಾಸ್ಮಾ ಟಾರ್ಚ್ ಇದೆ. ವಿದ್ಯುತ್ತು ಹರಿಯುವ ಸುಡುಸುಡು ಅನಿಲದ ಸಣ್ಣ ಧಾರೆ ಉಕ್ಕನ್ನು ಕರಗಿಸಿ ಊದಿಬಿಡುತ್ತದೆ.

ತೋಳಿಗೆ ನೇರ ಗೆರೆಯೇ ಕಷ್ಟ. ಬೇಕಾದರೆ ಮೊಣಕೈ ಮೇಜಿಗೆ ಊರಿ, ಅದೊಂದನ್ನೇ ತಿರುಗಿಸಿ ಗೆರೆ ಎಳೆಯಿರಿ, ಬಾಗಿಯೇ ಬಾಗುತ್ತದೆ. ಹಾಗಾಗಿ 'ಇಲ್ಲಿಂದ ಅಲ್ಲಿಗೆ ನೇರ ಹೋಗು' ಎಂದು ನಾವು ಬರೆದರೆ, ಆರೂ ಕೀಲು ಎಷ್ಟೆಷ್ಟು ತಿರುಗಬೇಕೆಂದು ಕಂಪ್ಯೂಟರು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ವೃತ್ತಕ್ಕೆ ಶಾಲೆಯ ರೇಖಾಗಣಿತವೇ ಸಾಕು: ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದು ಕೊಟ್ಟರೆ ಅವುಗಳ ಮೂಲಕ ಹಾಯುವ ವೃತ್ತ ಒಂದೇ. ಶುರು, ನಡು, ಕೊನೆ ಹೇಳಿದರೆ ಅರ್ಧ ಸುತ್ತು. ಇನ್ನೊಮ್ಮೆ ಹೇಳಿದರೆ ಪೂರ್ತಿ.

ನಾನು ಒಬ್ಬನೇ ಮಾಡಿದ ಮೊದಲ ಕೆಲಸ, 100 ಮಿಲಿಮೀಟರ್ ಅಗಲದ 12 ಉಕ್ಕಿನ ಬಿಲ್ಲೆ. ಮೊದಲನೆಯದನ್ನು ಅಳೆಯದೆ ಹನ್ನೆರಡನ್ನೂ ಕತ್ತರಿಸಿದೆ. ಮೇಲ್ವಿಚಾರಕರು ವರ್ನಿಯರ್ ಹಿಡಿದು ನೋಡಿದರು. 98. ಎಲ್ಲವೂ 98. "ನಾಳೆ ಇನ್ನೊಂದು ತಗಡು ಕೊಡ್ತೀನಿ. ಅದೂ ಕೆಟ್ಟರೆ ನೀನು ಗೋಡೌನಿಗೆ" ಎಂದರು.

ಪ್ರೋಗ್ರಾಮಿನಲ್ಲಿ 100 ಅಂತಲೇ ಇತ್ತು. ಹತ್ತು ಸಲ ನೋಡಿದೆ. ರಾತ್ರಿ ಊರಿಗೆ ಫೋನ್ ಮಾಡಿದಾಗ ದನಿಯಲ್ಲೇ ಮುತ್ಯಾನಿಗೆ ಗೊತ್ತಾಯಿತು.

"ಯಾಕೋ ತಮ್ಮಾ, ಏನಾತು?"

ಹೇಳಿದೆ. ಮುತ್ಯಾ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಬೆಂಕಿ ಎಷ್ಟು ತಿಂತದ?"

"ಅಂದ್ರ?"

"ಎರಡು ಫೂಟಿನ ಪರಸಿ ಬೇಕಂದ್ರ ಗೆರಿ ಮ್ಯಾಲೇ ಬ್ಲೇಡ್ ಇಡಬಾರದಪಾ, ಗೆರಿ ಆಚಿಗೆ ಇಡಬೇಕು. ಬ್ಲೇಡಿಗೂ ಹೊಟ್ಟಿ ಇರ್ತದ."

ನಾಚಿಕೆಯಾಯಿತು. ಈ 'ಹೊಟ್ಟೆ'ಗೆ ಪುಸ್ತಕದಲ್ಲಿ ಕರ್ಫ್ ಎಂಬ ಹೆಸರಿದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ! ನಮ್ಮ ಧಾರೆ ತಿನ್ನುವುದು ಸುಮಾರು 2 ಮಿಲಿಮೀಟರ್, ಗೆರೆಯ ಈ ಕಡೆ ಒಂದು, ಆ ಕಡೆ ಒಂದು. ಬಿಲ್ಲೆಯ ಸುತ್ತಲೂ ಒಂದೊಂದು ಹೋದರೆ 100 ಇದ್ದದ್ದು 98. ಆದ್ದರಿಂದ ಟಾರ್ಚು 102ರ ವೃತ್ತದಲ್ಲಿ ಸುತ್ತಬೇಕು. ಅದೇ 100ರ ತೂತು ಬೇಕಿದ್ದರೆ ತಿರುಗಾಮುರುಗಾ: 98ರಲ್ಲಿ ಸುತ್ತಬೇಕು.

ಮರುದಿನ ಒಂದೇ ಬಿಲ್ಲೆ ಕತ್ತರಿಸಿ, ತಣ್ಣಗಾಗುವವರೆಗೆ ಕಾದು, ನಾನೇ ಅಳೆದೆ. ಆಮೇಲೆ ಮೇಲ್ವಿಚಾರಕರು ಅಳೆದರು. "ಉಳಿದ ಹನ್ನೊಂದು ಹಾಕು" ಎಂದು ಹೊರಟೇಹೋದರು.

ಕೆಟ್ಟ ಬಿಲ್ಲೆಗಳಲ್ಲಿ ಒಂದನ್ನು ಕೇಳಿ ತೆಗೆದುಕೊಂಡೆ. ಗುಂಡಗುರ್ತಿಯಲ್ಲಿ ಮುತ್ಯಾನ ಚಹಾದ ಕಪ್ಪು ಈಗ ಅದರ ಮೇಲೇ ಕೂರುತ್ತದೆ.