ಒಂದೇ ಕರೆಗೆ ನಾಲ್ಕು ಫೋನ್ ರಿಂಗ್ ಆಗುವುದು ಹೇಗೆ?

ಆಸ್ಪತ್ರೆ, ಬ್ಯಾಂಕ್ ಅಥವಾ ದೊಡ್ಡ ಅಂಗಡಿಗಳಲ್ಲಿ ನೀವು ಇದನ್ನು ನೋಡಿರುತ್ತೀರಿ. ಒಂದು ಕರೆ ಬರುತ್ತದೆ, ಮೂರ್ನಾಲ್ಕು ಮೇಜುಗಳ ಮೇಲಿನ ಫೋನ್‌ಗಳು ಒಟ್ಟಿಗೆ ರಿಂಗ್ ಆಗುತ್ತವೆ. ಯಾರೋ ಒಬ್ಬರು ಎತ್ತಿದ ಕೂಡಲೇ ಉಳಿದವೆಲ್ಲ ಸುಮ್ಮನಾಗುತ್ತವೆ. ಹಳೆಯ ಲ್ಯಾಂಡ್‌ಲೈನಿನಲ್ಲಿ ಇದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ಒಂದೇ ತಂತಿಗೆ ಎರಡು ಫೋನ್ ಜೋಡಿಸಿದರೆ ಎರಡೂ ರಿಂಗ್ ಆಗುತ್ತಿದ್ದವು. ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಕೇಳಲೂಬಹುದಿತ್ತು. ಇಂಟರ್ನೆಟ್ ಮೂಲಕ ಬರುವ ಕರೆಯಲ್ಲಿ ಅಂಥ ತಂತಿ ಇರುವುದಿಲ್ಲ. ಪ್ರತಿಯೊಂದು ಫೋನೂ ತನ್ನದೇ ಐಪಿ ವಿಳಾಸವಿರುವ ಒಂದು ಪುಟ್ಟ ಕಂಪ್ಯೂಟರ್. ಹಾಗಾದರೆ ಒಂದು ಕರೆ ನಾಲ್ಕಾಗುವುದು ಎಲ್ಲಿ? ನಾಲ್ಕು ಫೋನ್‌ಗಳಿಂದ ಬರುವ ನಾಲ್ಕು ಬೇರೆ ಬೇರೆ ಉತ್ತರಗಳು ಮತ್ತೆ ಒಂದಾಗುವುದು ಹೇಗೆ?

ನನಗೆ ಈ ವಿಷಯ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ನಮ್ಮ ಮಾಮು ಇಪಿಎಬಿಎಕ್ಸ್ ಮತ್ತು ಐಪಿ ಫೋನ್ ಹಾಕುವ ಕೆಲಸ ಮಾಡುತ್ತಾರೆ. ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ ಕೇಬಲ್ ಎಳೆಯಲು, ಏಣಿ ಹಿಡಿಯಲು ಅವರ ಜೊತೆ ಹೋಗುತ್ತಿದ್ದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ ತೆರೆದು ಫೋನ್‌ಗಳು ಪರಸ್ಪರ ಕಳಿಸುವ ಸಂದೇಶಗಳನ್ನು ಓದುವುದನ್ನೂ ಅವರೇ ಕಲಿಸಿದರು. ಓದುವುದು ಎಂದೇ ಹೇಳುತ್ತೇನೆ, ಏಕೆಂದರೆ ಆ ಸಂದೇಶಗಳು ಸೊನ್ನೆ-ಒಂದುಗಳ ಗೋಜಲಾಗಿ ಕಾಣುವುದಿಲ್ಲ. ಸಾಲು ಸಾಲಾಗಿ ಓದಬಹುದಾದ ಬರಹ. ಈ ಫೋನ್‌ಗಳು ಬಳಸುವ ನಿಯಮಾವಳಿಯ ಹೆಸರು ಸೆಷನ್ ಇನಿಶಿಯೇಷನ್ ಪ್ರೊಟೊಕಾಲ್, ಚಿಕ್ಕದಾಗಿ ಸಿಪ್. ಇದು 1999ರಲ್ಲಿ ಮೊದಲು ಪ್ರಕಟವಾಯಿತು. 2002ರಲ್ಲಿ ಇದನ್ನು ತಿದ್ದಿ ಬರೆದ ಆರ್‌ಎಫ್‌ಸಿ 3261 ಎಂಬ ದಾಖಲೆಯೇ ಇಂದಿಗೂ ಆಧಾರ. ವೆಬ್ ಬಳಸುವ ಎಚ್‌ಟಿಟಿಪಿಯ ಮಾದರಿಯನ್ನೇ ಇದು ಅನುಸರಿಸುತ್ತದೆ. ಪುಟ ಸಿಗದಿದ್ದಾಗ ಬ್ರೌಸರ್ ತೋರಿಸುವ 404 ಇದೆಯಲ್ಲ, ಸಿಪ್‌ನಲ್ಲಿಯೂ ಅದೇ 404. ಅಲ್ಲಿ ಪುಟ ಇಲ್ಲ ಎಂದರ್ಥ, ಇಲ್ಲಿ ಅಂಥ ವ್ಯಕ್ತಿ ಇಲ್ಲ ಎಂದರ್ಥ.

ಮೊದಲು ವಿಳಾಸದ ಮಾತು. ಸಿಪ್‌ನಲ್ಲಿ ಎರಡು ಬಗೆಯ ವಿಳಾಸಗಳಿವೆ. ಒಂದು, ಜನರಿಗೆ ಕೊಡುವ ಶಾಶ್ವತ ವಿಳಾಸ. ಇಮೇಲ್ ವಿಳಾಸದಂತೆಯೇ ಇರುತ್ತದೆ, ‘ವಿಚಾರಣೆ@ಆಸ್ಪತ್ರೆ’ ಎಂದುಕೊಳ್ಳಿ. ಇನ್ನೊಂದು, ಈ ಕ್ಷಣದಲ್ಲಿ ಒಂದು ನಿರ್ದಿಷ್ಟ ಫೋನ್ ಎಲ್ಲಿದೆ ಎಂದು ಹೇಳುವ ವಿಳಾಸ, ಅಂದರೆ ಐಪಿ ಸಂಖ್ಯೆ ಮತ್ತು ಪೋರ್ಟ್. ಪೋರ್ಟ್ ಸಾಮಾನ್ಯವಾಗಿ 5060. ಪ್ರತಿ ಫೋನೂ ಆನ್ ಆದಾಗ ರಿಜಿಸ್ಟ್ರಾರ್ ಎಂಬ ಸರ್ವರಿಗೆ ಒಂದು ಸಂದೇಶ ಕಳಿಸುತ್ತದೆ: ‘ವಿಚಾರಣೆ@ಆಸ್ಪತ್ರೆ ಎಂಬ ಹೆಸರಿಗೆ ಬರುವ ಕರೆಯನ್ನು ನನಗೂ ಕೊಡಿ, ನಾನು ಇಲ್ಲಿದ್ದೇನೆ.’ ಈ ನೋಂದಣಿಗೆ ಅವಧಿ ಇದೆ. ಅದು ಮುಗಿಯುವುದರೊಳಗೆ ಫೋನ್ ಮತ್ತೆ ಹೇಳದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಒಂದೇ ಹೆಸರಿಗೆ ನಾಲ್ಕು ಫೋನ್‌ಗಳು ನೋಂದಾಯಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕರೆ ಕವಲೊಡೆಯುವ ಬೀಜ ಇಲ್ಲೇ ಬಿದ್ದಿದೆ.

ಈಗ ಕರೆ ಬಂತು ಎನ್ನಿ. ಅದು ‘ಇನ್‌ವೈಟ್’ ಎಂಬ ಸಂದೇಶವಾಗಿ ಪ್ರಾಕ್ಸಿ ಸರ್ವರಿಗೆ ತಲುಪುತ್ತದೆ. (ಕ್ಲಾಸಿನಲ್ಲಿ ಗೆಳೆಯರಿಗಾಗಿ ಹಾಕುವ ಪ್ರಾಕ್ಸಿಗೂ ಇದಕ್ಕೂ ಸಂಬಂಧವಿದೆ: ಎರಡೂ ಬೇರೆಯವರ ಪರವಾಗಿ ಮಾತಾಡುತ್ತವೆ.) ಪ್ರಾಕ್ಸಿ ಪಟ್ಟಿ ನೋಡುತ್ತದೆ, ನಾಲ್ಕು ಫೋನ್ ಕಾಣುತ್ತವೆ, ಸಂದೇಶದ ನಾಲ್ಕು ಪ್ರತಿಗಳನ್ನು ಮಾಡುತ್ತದೆ. ಪ್ರತಿಗಳಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ನೀವು ಮನೆ ಬದಲಾಯಿಸಿದಾಗ ಅಂಚೆಯವರು ಲಕೋಟೆಯ ಮೇಲಿನ ವಿಳಾಸ ಹೊಡೆದುಹಾಕಿ ಹೊಸದನ್ನು ಬರೆದು ಮುಂದೆ ಕಳಿಸುತ್ತಾರೆ. ಒಳಗಿನ ಪತ್ರದಲ್ಲಿ ‘ಪ್ರೀತಿಯ ಅಣ್ಣನಿಗೆ’ ಎಂದಿದ್ದದ್ದು ಹಾಗೆಯೇ ಇರುತ್ತದೆ. ಸಿಪ್‌ನಲ್ಲಿಯೂ ಹಾಗೆಯೇ. ಮೊದಲ ಸಾಲಿನಲ್ಲಿರುವ ತಲುಪಬೇಕಾದ ವಿಳಾಸವನ್ನು ಪ್ರಾಕ್ಸಿ ಪ್ರತಿ ಪ್ರತಿಯಲ್ಲಿಯೂ ಬೇರೆ ಬರೆಯುತ್ತದೆ. ಯಾರಿಂದ, ಯಾರಿಗೆ, ಕರೆಯ ಗುರುತಿನ ಸಂಖ್ಯೆ ಯಾವುದು ಎಂಬ ಸಾಲುಗಳನ್ನು ಮುಟ್ಟುವುದಿಲ್ಲ.

ಇದರ ಜೊತೆಗೆ ಪ್ರಾಕ್ಸಿ ಇನ್ನೊಂದು ಸಾಲನ್ನು ಸೇರಿಸುತ್ತದೆ. ಅದರ ಹೆಸರು ‘ವಯಾ’. ಕೆಎಸ್‌ಆರ್‌ಟಿಸಿ ಬಸ್ಸಿನ ಬೋರ್ಡಿನಲ್ಲಿ ‘ವಯಾ ಹಾಸನ’ ಎಂದಿರುತ್ತದಲ್ಲ, ಅದೇ ವಯಾ. ಸಂದೇಶ ಯಾವ ಯಾವ ಸರ್ವರಿನ ಮೂಲಕ ಬಂತೋ ಅವೆಲ್ಲ ಒಂದರ ಮೇಲೊಂದು ತಮ್ಮ ವಯಾ ಸಾಲು ಇಟ್ಟಿರುತ್ತವೆ. ಉತ್ತರ ವಾಪಸ್ ಹೋಗುವಾಗ ಮೇಲಿನ ಸಾಲು ನೋಡಿ ಅಲ್ಲಿಗೆ ಹೋಗುತ್ತದೆ. ಆ ಸರ್ವರ್ ತನ್ನ ಸಾಲು ತೆಗೆದು ಕೆಳಗಿನದಕ್ಕೆ ಕಳಿಸುತ್ತದೆ. ಹೋದ ದಾರಿಯಲ್ಲೇ ವಾಪಸ್. ನಾವು ಕಲಿತ ಸ್ಟ್ಯಾಕ್ ಇದೇ, ಕೊನೆಗೆ ಇಟ್ಟದ್ದು ಮೊದಲು ಹೊರಗೆ.

ನಾಲ್ಕೂ ಪ್ರತಿಗಳು ಒಂದೇ ಪ್ರಾಕ್ಸಿಯಿಂದ ಹೊರಟವು, ಕರೆಯ ಗುರುತಿನ ಸಂಖ್ಯೆಯೂ ಒಂದೇ. ಹಾಗಿರುವಾಗ ವಾಪಸ್ ಬಂದ ಉತ್ತರ ಯಾವ ಫೋನಿನದು ಎಂದು ತಿಳಿಯುವುದು ಹೇಗೆ? ವಯಾ ಸಾಲಿನ ಕೊನೆಯಲ್ಲಿ ‘ಬ್ರಾಂಚ್’ ಎಂಬ ಗುರುತು ಇರುತ್ತದೆ, ಅದು ಪ್ರತಿ ಪ್ರತಿಗೂ ಬೇರೆ. ಈ ಗುರುತು 2002ರ ನಿಯಮದಂತೆ ಯಾವಾಗಲೂ ‘ಝಡ್9ಎಚ್‌ಜಿ4ಬಿಕೆ’ ಎಂಬ ಏಳು ಅಕ್ಷರಗಳಿಂದಲೇ ಶುರುವಾಗಬೇಕು. ಮೊದಲ ಸಲ ನೋಡಿದಾಗ ಯಾರದೋ ಪಾಸ್‌ವರ್ಡ್ ಇರಬೇಕು ಎನಿಸುತ್ತದೆ. ‘ಈ ಗುರುತನ್ನು ನಾನು ಹೊಸ ನಿಯಮದಂತೆ, ಬೇರೆಲ್ಲೂ ಇರದ ಹಾಗೆ ತಯಾರಿಸಿದ್ದೇನೆ’ ಎಂದು ಹಳೆಯ ಸಾಫ್ಟ್‌ವೇರಿಗಿಂತ ಬೇರೆಯಾಗಿ ಕಾಣಿಸಿಕೊಳ್ಳಲು ಇಟ್ಟ ಮುದ್ರೆ ಅದು, ಅಷ್ಟೇ. ಫೋನ್‌ಗಳ ಕಡೆಯಿಂದಲೂ ಒಂದು ಗುರುತು ಬರುತ್ತದೆ. ಪ್ರತಿ ಫೋನೂ ತನ್ನ ಉತ್ತರದ ‘ಯಾರಿಗೆ’ ಸಾಲಿಗೆ ತನ್ನದೇ ಟ್ಯಾಗ್ ಅಂಟಿಸುತ್ತದೆ. ಹೀಗೆ ಕರೆ ಮಾಡಿದವರ ಕಡೆಯ ಯಂತ್ರಕ್ಕೂ ‘ಇದು ಒಂದೇ ಕರೆ, ಆದರೆ ಇವರು ಬೇರೆ ಬೇರೆ’ ಎಂದು ಗೊತ್ತಾಗುತ್ತದೆ.

ಇಲ್ಲಿಯವರೆಗಿನದು ಸುಲಭ. ಕಷ್ಟ ಇರುವುದು ಉತ್ತರಗಳನ್ನು ಒಟ್ಟುಗೂಡಿಸುವಲ್ಲಿ. ‘ರಿಂಗ್ ಆಗುತ್ತಿದೆ’ ಎಂಬ 180 ಬಂದರೆ ಪ್ರಾಕ್ಸಿ ಅದನ್ನು ಹಾಗೆಯೇ ಮುಂದೆ ಕಳಿಸುತ್ತದೆ. ‘ಎತ್ತಿದ್ದಾರೆ’ ಎಂಬ 200 ಬಂದರೂ ಕೂಡಲೇ ಕಳಿಸುತ್ತದೆ. ಉಳಿದ ಮೂರು ಫೋನ್‌ಗಳಿಗೆ ‘ಕ್ಯಾನ್ಸಲ್’ ಹೋಗುತ್ತದೆ, ಅವು ‘ನಿಲ್ಲಿಸಿದೆ’ ಎಂದು 487 ಕೊಟ್ಟು ಸುಮ್ಮನಾಗುತ್ತವೆ. ಆದರೆ ಒಂದು ಫೋನ್ ‘ಆಗುವುದಿಲ್ಲ’ ಎಂದರೆ? ಆಗ ಪ್ರಾಕ್ಸಿ ಆ ‘ಆಗುವುದಿಲ್ಲ’ವನ್ನು ತನ್ನಲ್ಲೇ ಇಟ್ಟುಕೊಂಡು ಉಳಿದವರಿಗಾಗಿ ಕಾಯುತ್ತದೆ. ಎಲ್ಲರೂ ಆಗುವುದಿಲ್ಲ ಎಂದ ಮೇಲೆ ಅವುಗಳಲ್ಲಿ ಒಂದನ್ನು ಆರಿಸಿ ಕಳಿಸುತ್ತದೆ. ಇದಕ್ಕೆ ಒಂದೇ ಒಂದು ಅಪವಾದವಿದೆ. ಆ ಅಪವಾದವನ್ನು ನಾನು ಕಣ್ಣಾರೆ ನೋಡಿದೆ.

ಒಂದು ನರ್ಸಿಂಗ್ ಹೋಮಿನಲ್ಲಿ ನಾಲ್ಕು ಐಪಿ ಫೋನ್‌ಗಳಿದ್ದವು: ರಿಸೆಪ್ಷನ್, ಡ್ಯೂಟಿ ಡಾಕ್ಟರ್ ಕೋಣೆ, ಹೆರಿಗೆ ವಾರ್ಡ್, ಮೆಡಿಕಲ್ ಸ್ಟೋರ್. ರಾತ್ರಿ ಕರೆ ಬಂದರೆ ನಾಲ್ಕೂ ರಿಂಗ್ ಆಗಬೇಕು, ಯಾರಿದ್ದರೆ ಅವರು ಎತ್ತಬೇಕು. ಆದರೆ ‘ಒಂದೆರಡು ಸಲ ರಿಂಗ್ ಆಗಿ ತಾನಾಗಿಯೇ ನಿಂತುಹೋಗುತ್ತದೆ’ ಎಂದು ಅಲ್ಲಿನ ಸಿಸ್ಟರ್ ಮಾಮುವಿಗೆ ಫೋನ್ ಮಾಡಿದರು. ಹೆರಿಗೆ ನೋವು ಶುರುವಾದವರ ಮನೆಯವರು ‘ಡಾಕ್ಟರ್ ಇದ್ದಾರಾ, ಈಗಲೇ ಹೊರಡಬಹುದಾ’ ಎಂದು ಕೇಳಲು ಮೂರು ಸಲ ಪ್ರಯತ್ನಿಸಿದ್ದರಂತೆ. ಮೂರು ಸಲವೂ ಕರೆ ಕಟ್ ಆಗಿ, ನಾಲ್ಕನೆಯ ಸಲ ಸಿಕ್ಕಿತಂತೆ.

ನಾವು ಹೋಗಿ ಲ್ಯಾಪ್‌ಟಾಪ್ ಜೋಡಿಸಿ ಕುಳಿತೆವು. ಮತ್ತೊಮ್ಮೆ ಹಾಗಾದಾಗ ಸಂದೇಶಗಳನ್ನು ನೋಡಿದೆವು. ಮೆಡಿಕಲ್ ಸ್ಟೋರಿನಲ್ಲಿ ಗಿರಾಕಿಗಳ ಸಾಲು ಇತ್ತು. ಅಲ್ಲಿನ ಹುಡುಗ ಗದ್ದಲ ಬೇಡವೆಂದು ಕೆಂಪು ಗುಂಡಿ ಒತ್ತಿದ್ದ. ತನ್ನ ಮೇಜಿನ ಸದ್ದು ನಿಲ್ಲಲಿ, ಬೇರೆಯವರು ಎತ್ತುತ್ತಾರೆ ಎಂಬುದು ಅವನ ಲೆಕ್ಕ. ಯಾರಾದರೂ ಹಾಗೆಯೇ ತಿಳಿಯುತ್ತಾರೆ. ಆದರೆ ಅವನ ಫೋನ್ ಕಳಿಸಿದ ಉತ್ತರದ ಸಂಖ್ಯೆ 603 ಆಗಿತ್ತು.

ಸಿಪ್‌ನಲ್ಲಿ 4ರಿಂದ ಶುರುವಾಗುವ ಉತ್ತರ ಆ ಒಂದು ಫೋನಿಗೆ ಸಂಬಂಧಪಟ್ಟದ್ದು. 486 ಎಂದರೆ ‘ನಾನಿಲ್ಲಿ ಬಿಜಿ’. 6ರಿಂದ ಶುರುವಾಗುವ ಉತ್ತರ ಇಡೀ ವಿಳಾಸದ ಪರವಾಗಿ ಕೊಡುವ ಮಾತು. 600 ಎಂದರೆ ‘ಎಲ್ಲೆಡೆಯೂ ಬಿಜಿ’, 603 ಎಂದರೆ ‘ಈ ಕರೆ ಬೇಡ’. 6ರ ಉತ್ತರ ಬಂದರೆ ಪ್ರಾಕ್ಸಿ ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ರಿಂಗ್ ಆಗುತ್ತಿರುವ ಉಳಿದೆಲ್ಲ ಫೋನ್‌ಗಳಿಗೆ ಕ್ಯಾನ್ಸಲ್ ಕಳಿಸುತ್ತದೆ. ಅಂದರೆ ಮೆಡಿಕಲ್ ಸ್ಟೋರಿನ ಫೋನ್ ಅವತ್ತು ಡಾಕ್ಟರ ಪರವಾಗಿಯೂ ಹೆರಿಗೆ ವಾರ್ಡಿನ ಪರವಾಗಿಯೂ ‘ಬೇಡ’ ಎಂದಿತ್ತು. ಮಾಮು ಆ ಫೋನಿನ ಸೆಟ್ಟಿಂಗ್ ತೆರೆದು, ಕೆಂಪು ಗುಂಡಿಗೆ 603ರ ಬದಲು 486 ಎಂದು ಹಾಕಿದರು. ಎರಡು ನಿಮಿಷದ ಕೆಲಸ. ಮತ್ತೆ ಪರೀಕ್ಷಿಸಿದೆವು: ಸ್ಟೋರಿನವನು ಕೆಂಪು ಗುಂಡಿ ಒತ್ತಿದ, ಅವನದು ನಿಂತಿತು, ಉಳಿದ ಮೂರು ರಿಂಗ್ ಆಗುತ್ತಲೇ ಇದ್ದವು.

ಹಾಗಾದರೆ ನಿಯಮವೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ನಾಲ್ಕೂ ಫೋನ್‌ಗಳು ಒಬ್ಬನದೇ ಎಂದುಕೊಳ್ಳಿ: ಮೇಜಿನ ಮೇಲೊಂದು, ಮೊಬೈಲಿನಲ್ಲೊಂದು, ಲ್ಯಾಪ್‌ಟಾಪಿನಲ್ಲೊಂದು, ಮನೆಯಲ್ಲೊಂದು. ಅವನು ಒಂದರಲ್ಲಿ ‘ಬೇಡ’ ಎಂದರೆ ಉಳಿದ ಮೂರೂ ನಿಲ್ಲುವುದೇ ಸರಿ. ಒಂದು ವಿಳಾಸ ಒಬ್ಬ ವ್ಯಕ್ತಿಯದೋ ಹತ್ತು ಜನರ ಕಚೇರಿಯದೋ ಎಂಬುದು ಪ್ರಾಕ್ಸಿಗೆ ತಿಳಿಯುವುದಿಲ್ಲ. ಅದಕ್ಕೆ ಕಾಣುವುದು ಒಂದು ಹೆಸರು, ನಾಲ್ಕು ಐಪಿ ಸಂಖ್ಯೆಗಳು. ಉಳಿದದ್ದನ್ನು ಫೋನ್ ಹಾಕುವವರೇ ಯೋಚಿಸಬೇಕು.

ಈ 6ರ ಉತ್ತರದ ಬಗ್ಗೆ 1999ರ ನಿಯಮ ಇನ್ನೂ ಅವಸರದ್ದಾಗಿತ್ತು. ಬಂದ ಕೂಡಲೇ ಕರೆ ಮಾಡಿದವರಿಗೆ ಕಳಿಸಿಬಿಡಿ ಎಂದಿತ್ತು. ಅಷ್ಟರಲ್ಲಿ ಇನ್ನೊಂದು ಕೋಣೆಯಲ್ಲಿ ಯಾರೋ ಫೋನ್ ಎತ್ತಿಬಿಟ್ಟರೆ? ಕರೆ ಮಾಡಿದವರಿಗೆ ಮೊದಲು ‘ಬೇಡ’, ಹಿಂದೆಯೇ ‘ಹಲೋ’! ಅದಕ್ಕೇ 2002ರಲ್ಲಿ ತಿದ್ದಿದರು: 6 ಬಂದರೆ ಮೊದಲು ಉಳಿದವರನ್ನು ನಿಲ್ಲಿಸಿ, ಅವರೆಲ್ಲರ ಉತ್ತರ ಬಂದ ಮೇಲೆ ಮಾತ್ರ ಅದನ್ನು ಮುಂದೆ ಕಳಿಸಿ.

ಇಬ್ಬರು ಒಂದೇ ಗಳಿಗೆಯಲ್ಲಿ ಎತ್ತುವುದೂ ಉಂಟು. ಕ್ಯಾನ್ಸಲ್ ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯವರೂ ಎತ್ತಿದ್ದಾರೆ. ಪ್ರಾಕ್ಸಿ ಎರಡೂ 200ಗಳನ್ನು ಮುಂದೆ ಕಳಿಸಲೇಬೇಕು. ಆರಿಸುವ ಅಧಿಕಾರ ಅದಕ್ಕಿಲ್ಲ. ಕರೆ ಮಾಡಿದವರ ಕಡೆಯ ಯಂತ್ರ ಟ್ಯಾಗ್‌ಗಳನ್ನು ನೋಡಿ ಇಬ್ಬರಿಗೂ ‘ಬಂತು’ ಎಂದು ಹೇಳಿ, ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರಿಗೆ ‘ಬೈ’ ಎಂಬ ಸಂದೇಶ ಕಳಿಸುವುದೇ ರೂಢಿ. ಹೆಸರೇ ‘ಬೈ’. ರಿಸೀವರ್ ಎತ್ತಿ ಎರಡು ಸಲ ಹಲೋ ಎನ್ನುವಷ್ಟರಲ್ಲಿ ಲೈನ್ ಸತ್ತಿದ್ದರೆ ಹೀಗೂ ಆಗಿರಬಹುದು.

ನರ್ಸಿಂಗ್ ಹೋಮಿನವರು ಇನ್ನೊಂದು ದೂರನ್ನೂ ಹೇಳಿದ್ದರು. ರಿಸೆಪ್ಷನ್ನಿನಲ್ಲಿ ಎತ್ತಿದ ಕರೆಗಳೆಲ್ಲ ವಾರ್ಡಿನ ಫೋನಿನಲ್ಲಿ ಮಿಸ್ಡ್ ಕಾಲ್ ಎಂದು ಕಾಣುತ್ತಿದ್ದವು. ಪಾಪ ಸಿಸ್ಟರ್ ಒಂದೊಂದಕ್ಕೂ ವಾಪಸ್ ಫೋನ್ ಮಾಡುತ್ತಿದ್ದರು. ಇದಕ್ಕೆ ಮದ್ದು 2002ರ ಡಿಸೆಂಬರಿನಲ್ಲಿ ಬಂದ ಆರ್‌ಎಫ್‌ಸಿ 3326ರಲ್ಲಿದೆ. ಕ್ಯಾನ್ಸಲ್ ಜೊತೆಗೆ ‘ಕಾರಣ’ ಎಂಬ ಸಾಲು ಸೇರಿಸಿ ‘ಬೇರೆ ಕಡೆ ಎತ್ತಿದ್ದಾರೆ’ ಎಂದು ಹೇಳಬಹುದು. ಆ ಸಾಲನ್ನು ಅರ್ಥಮಾಡಿಕೊಳ್ಳುವ ಫೋನ್ ಮಿಸ್ಡ್ ಕಾಲ್ ತೋರಿಸುವುದಿಲ್ಲ.

ಎಲ್ಲ ಫೋನ್‌ಗಳನ್ನೂ ಒಟ್ಟಿಗೆ ಬಾರಿಸಲೇಬೇಕೆಂದಿಲ್ಲ. ನೋಂದಾಯಿಸುವಾಗ 0ರಿಂದ 1ರವರೆಗಿನ ಒಂದು ಆದ್ಯತೆಯ ಅಂಕ ಕೊಡಬಹುದು. ಹೆಚ್ಚಿನ ಅಂಕದ ಫೋನ್ ಮೊದಲು, ಅಲ್ಲಿ ಯಾರೂ ಎತ್ತದಿದ್ದರೆ ಮುಂದಿನದು. ಹಗಲು ರಿಸೆಪ್ಷನ್ನಿನಲ್ಲಿ ಜನ ಇರುವ ಕಡೆ ಇದೇ ವಾಸಿ, ಗದ್ದಲ ಕಡಿಮೆ. ಆದರೆ ಸರದಿಯಲ್ಲಿ ಪ್ರತಿ ಫೋನಿಗೆ ಹದಿನೈದು ಸೆಕೆಂಡ್ ಇಟ್ಟರೂ ನಾಲ್ಕನೆಯದು ಬಾರಿಸುವಾಗ ಮುಕ್ಕಾಲು ನಿಮಿಷ ಕಳೆದಿರುತ್ತದೆ. ರಾತ್ರಿಯ ಆಸ್ಪತ್ರೆಗೆ ಇದು ಸಲ್ಲದು.

ಇದೆಲ್ಲ ಆಫೀಸ್ ಫೋನಿನ ಕಥೆ ಎಂದುಕೊಳ್ಳಬೇಡಿ. ನಿಮ್ಮ ಮೊಬೈಲಿನ ಮೂಲೆಯಲ್ಲಿ ‘ವೋಲ್ಟಿ’ ಎಂದು ಕಾಣುತ್ತದಲ್ಲ, ಆ ಕರೆಗಳನ್ನು ಜೋಡಿಸುವುದೂ ಸಿಪ್. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ಅದರ ಜಾಲದಲ್ಲಿ 2ಜಿ, 3ಜಿ ಇರಲೇ ಇಲ್ಲ. ಧ್ವನಿ ಕರೆಗಳೆಲ್ಲ ಈ ದಾರಿಯಲ್ಲೇ ಹೋಗಬೇಕಿತ್ತು. ಮನೆಯಲ್ಲಿ ಕಂಪ್ಯೂಟರ್ ಇರುವವರು ಕಮೈಲಿಯೋ ಎಂಬ ಉಚಿತ ಪ್ರಾಕ್ಸಿ ಸಾಫ್ಟ್‌ವೇರನ್ನು ಹಾಕಿ ನೋಡಬಹುದು. ಬರ್ಲಿನ್ನಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಶುರುವಾದ ಕೆಲಸದಿಂದ ಬೆಳೆದದ್ದು ಅದು.

ಕೊನೆಗೆ, ಗಣಿತ ಇಷ್ಟಪಡುವವರಿಗೆ ಒಂದು ಲೆಕ್ಕ. ಎರಡು ವಿಳಾಸಗಳಿವೆ ಎನ್ನಿ. ಕಿಡಿಗೇಡಿಯೊಬ್ಬ ಎರಡೂ ಹೆಸರಿನಲ್ಲಿ ಎರಡೂ ವಿಳಾಸಗಳನ್ನು ನೋಂದಾಯಿಸುತ್ತಾನೆ. ಒಂದು ಕರೆ ಬಂದರೆ ಪ್ರಾಕ್ಸಿ ಎರಡು ಪ್ರತಿ ಮಾಡಿ ತನಗೇ ಕಳಿಸಿಕೊಳ್ಳುತ್ತದೆ. ಅವು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಹತ್ತು ಸುತ್ತಿಗೆ 1,024, ಇಪ್ಪತ್ತು ಸುತ್ತಿಗೆ 10,48,576. ಸಂದೇಶ ಎಷ್ಟು ಸಲ ಮುಂದೆ ಹೋಗಬಹುದು ಎಂಬುದಕ್ಕೆ ಸಾಮಾನ್ಯವಾಗಿ 70ರ ಮಿತಿ ಇದೆ. ಆದರೆ ಎರಡರ 70ನೇ ಘಾತ 22 ಅಂಕಿಗಳ ಸಂಖ್ಯೆ, ಯಾವ ಸರ್ವರೂ ಅಲ್ಲಿಯವರೆಗೆ ಬದುಕುವುದಿಲ್ಲ. 2008ರ ಡಿಸೆಂಬರಿನ ಆರ್‌ಎಫ್‌ಸಿ 5393 ಇದಕ್ಕೆ ಎರಡು ಬೇಲಿ ಹಾಕಿತು. ಕವಲೊಡೆಸುವ ಪ್ರಾಕ್ಸಿ ‘ಈ ಸಂದೇಶ ನನ್ನ ಬಳಿಯೇ ಸುತ್ತಿ ಬಂತೇ’ ಎಂದು ಕಡ್ಡಾಯವಾಗಿ ನೋಡಬೇಕು. ಜೊತೆಗೆ ಪ್ರತಿ ಕರೆಗೂ ಒಂದು ಅಗಲದ ಮಿತಿ ಇರಬೇಕು, ಸೂಚಿಸಿದ ಸಂಖ್ಯೆ 60. ಕವಲೊಡೆಸುವಾಗ ಪ್ರಾಕ್ಸಿ ಅದನ್ನು ಪ್ರತಿಗಳಿಗೆ ಹಂಚಿಕೊಡಬೇಕು: ನಾಲ್ಕು ಫೋನ್‌ಗಳಾದರೆ ತಲಾ 15. ಹಂಚಲು ಏನೂ ಉಳಿಯದಿದ್ದರೆ ಪ್ರಾಕ್ಸಿ 440 ಎಂದು ಉತ್ತರಿಸಿ ಕರೆಯನ್ನು ಅಲ್ಲಿಗೇ ನಿಲ್ಲಿಸಬಹುದು.