ಚುನಾವಣಾ ಪ್ರಚಾರ, ಪ್ರಸಾರ ನಿಯಮ ಮತ್ತು ವಾಕ್ ಸ್ವಾತಂತ್ರ್ಯ: ಗಡಿ ಗ್ರಾಮಗಳ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಹನೂರು ತಾಲ್ಲೂಕಿನ ಗೋಪಿನಾಥಂ ರಾಜ್ಯದ ಅಂಚಿನ ಊರು. ಪಾಲಾರ್ ದಾಟಿದರೆ ತಮಿಳುನಾಡು. 2019ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರ ಕ್ಷೇತ್ರಕ್ಕೂ ನೆರೆಯ ಧರ್ಮಪುರಿ ಕ್ಷೇತ್ರಕ್ಕೂ ಒಂದೇ ದಿನ, ಅಂದರೆ ಏಪ್ರಿಲ್ 18ರಂದು ಮತದಾನ ನಡೆಯಿತು. 2024ರಲ್ಲಿ ಹಾಗಾಗಲಿಲ್ಲ. ಧರ್ಮಪುರಿಯಲ್ಲಿ ಏಪ್ರಿಲ್ 19ರಂದು, ಚಾಮರಾಜನಗರದಲ್ಲಿ ಏಪ್ರಿಲ್ 26ರಂದು, ರಾಜ್ಯದ ಉಳಿದ 14 ಕ್ಷೇತ್ರಗಳಲ್ಲಿ ಮೇ 7ರಂದು ಮತದಾನವಾಯಿತು. ಒಂದು ಕ್ಷೇತ್ರದಲ್ಲಿ ಪ್ರಚಾರ ನಿಂತಿರುವಾಗ ಮತ್ತೊಂದು ಕ್ಷೇತ್ರದ ಪ್ರಚಾರಸಭೆ ದೂರದರ್ಶನ ವಾಹಿನಿಗಳ ಮೂಲಕ ಮನೆಯೊಳಗೆ ಬರುವ ಸ್ಥಿತಿ ಇದರಿಂದ ಉಂಟಾಗುತ್ತದೆ. ಆಗ "ಇದು ತಪ್ಪಲ್ಲವೇ, ಯಾರಿಗೆ ದೂರು ಕೊಡಬೇಕು" ಎಂದು ಗ್ರಾಮಸ್ಥರು ಮೊದಲು ಕೇಳುವುದು ಪಂಚಾಯಿತಿ ಸದಸ್ಯರನ್ನೇ. ಆದುದರಿಂದ ಯಾವುದು ನಿಷಿದ್ಧ, ಯಾವುದು ನಾಗರಿಕರ ಹಕ್ಕು ಎಂಬ ಸ್ಪಷ್ಟ ತಿಳಿವಳಿಕೆ ಸದಸ್ಯರಿಗೆ ಅಗತ್ಯ.

ಮೂಲ ತತ್ವ

ಸಂವಿಧಾನದ 19(1)(ಎ) ವಿಧಿಯು ಪ್ರತಿಯೊಬ್ಬ ನಾಗರಿಕನಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ನೀಡಿದೆ. 19(2)ನೇ ವಿಧಿಯಲ್ಲಿ ಹೇಳಿರುವ ಕಾರಣಗಳಿಗಾಗಿ ಮಾತ್ರ, ಅದೂ ಸಮಂಜಸವಾದ ಮಿತಿಯೊಳಗೆ, ಅದನ್ನು ನಿರ್ಬಂಧಿಸಬಹುದು. ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ. ಪತ್ರಿಕೆಗಿಂತ ಆಕಾಶವಾಣಿ ಮತ್ತು ದೂರದರ್ಶನ ವಾಹಿನಿಗಳ ಮೇಲೆ ಹೆಚ್ಚು ನಿಯಮಗಳಿರುವುದನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ಚುನಾವಣಾ ಕಾಲದ ನಿಯಮಗಳು ಮುಖ್ಯವಾಗಿ ಪ್ರಚಾರದ ಸಮಯ, ಹಣ ಮತ್ತು ಸಾಧನಗಳನ್ನು ಹತೋಟಿಯಲ್ಲಿಡುತ್ತವೆ. ಸಾಮಾನ್ಯ ಮತದಾರನ ಅಭಿಪ್ರಾಯವನ್ನು ಅಡಗಿಸುವುದು ಅವುಗಳ ಉದ್ದೇಶವಲ್ಲ.

ಕೊನೆಯ 48 ಗಂಟೆಗಳು

ಪ್ರಜಾಪ್ರತಿನಿಧಿ ಕಾಯ್ದೆ, 1951ರ 126ನೇ ಪ್ರಕರಣದಂತೆ ಮತದಾನ ಮುಕ್ತಾಯದ ಸಮಯಕ್ಕೆ ಹಿಂದಿನ 48 ಗಂಟೆಗಳಲ್ಲಿ ಆ ಕ್ಷೇತ್ರದಲ್ಲಿ ಬಹಿರಂಗ ಸಭೆ, ಮೆರವಣಿಗೆ ನಡೆಸುವಂತಿಲ್ಲ. ಚಲನಚಿತ್ರ, ದೂರದರ್ಶನ ಅಥವಾ ಅಂತಹ ಸಾಧನಗಳ ಮೂಲಕ ಚುನಾವಣಾ ವಿಷಯವನ್ನು ಪ್ರದರ್ಶಿಸುವಂತಿಲ್ಲ. ಉಲ್ಲಂಘನೆಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಉಂಟು. ಚಾಮರಾಜನಗರದಲ್ಲಿ ಈ ಅವಧಿಯು 2024ರ ಏಪ್ರಿಲ್ 24ರ ಸಂಜೆ 6 ಗಂಟೆಗೆ ಆರಂಭವಾಯಿತು. ಅದೇ ಹೊತ್ತಿನಲ್ಲಿ ರಾಜ್ಯದ ಉಳಿದ 14 ಕ್ಷೇತ್ರಗಳಲ್ಲಿ ಪ್ರಚಾರಕ್ಕೆ ಅವಕಾಶವಿತ್ತು. ಅಲ್ಲಿನ ಸಭೆಯನ್ನು ವಾಹಿನಿಯೊಂದು ತೋರಿಸಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಆದರೆ ಮೌನ ಅವಧಿಯಲ್ಲಿರುವ ಕ್ಷೇತ್ರದ ಪಕ್ಷ ಅಥವಾ ಅಭ್ಯರ್ಥಿಯ ಪರವಾಗಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಮತ ಯಾಚಿಸಬಾರದೆಂದು ಚುನಾವಣಾ ಆಯೋಗ ಸೂಚಿಸುತ್ತ ಬಂದಿದೆ. ಧ್ವನಿವರ್ಧಕವಿಲ್ಲದೆ ಮನೆಮನೆಗೆ ತೆರಳಿ ಮತ ಕೇಳಲು ಈ ಅವಧಿಯಲ್ಲೂ ಅಡ್ಡಿಯಿಲ್ಲ.

ಮತಗಟ್ಟೆ ಸಮೀಕ್ಷೆಯ ನಿಯಮ ಇನ್ನೂ ವ್ಯಾಪಕವಾದುದು. 126ಎ ಪ್ರಕರಣದಂತೆ ಮೊದಲ ಹಂತದ ಮತದಾನ ಆರಂಭವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆ ಕಳೆಯುವವರೆಗೆ ಅದರ ಫಲಿತಾಂಶವನ್ನು ದೇಶದಲ್ಲೆಲ್ಲಿಯೂ ಪ್ರಕಟಿಸುವಂತಿಲ್ಲ. 2024ರಲ್ಲಿ ಈ ನಿರ್ಬಂಧ ಏಪ್ರಿಲ್ 19ರಿಂದ ಜೂನ್ 1ರ ಸಂಜೆ 6.30ರವರೆಗೆ ಇತ್ತು. ನೆರೆ ರಾಜ್ಯದ ಮತದಾರರು ಯಾರಿಗೆ ಮತ ಹಾಕಿದರೆಂಬ ಸಮೀಕ್ಷೆಯು ಇಲ್ಲಿನ ಮತದಾರರ ಮನಸ್ಸನ್ನು ತಿರುಗಿಸಬಾರದೆಂಬುದೇ ಇದರ ಉದ್ದೇಶ.

ಜಾಹೀರಾತು, ಕಾಸಿಗಾಗಿ ಸುದ್ದಿ ಮತ್ತು ಪಕ್ಷಪಾತ

ಈ ಮೂರನ್ನೂ ಒಂದೇ ಎಂದು ಭಾವಿಸಬಾರದು.

ದೂರದರ್ಶನ ವಾಹಿನಿ, ಆಕಾಶವಾಣಿ, ಎಫ್.ಎಂ. ಮತ್ತು ಸಾಮಾಜಿಕ ಜಾಲತಾಣಗಳ ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಯ ಪೂರ್ವಾನುಮತಿ ಕಡ್ಡಾಯ. ಸರ್ವೋಚ್ಚ ನ್ಯಾಯಾಲಯದ 2004ರ ಏಪ್ರಿಲ್ 13ರ ಆದೇಶ ಇದಕ್ಕೆ ಆಧಾರ. ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು 127ಎ ಪ್ರಕರಣ ವಿಧಿಸುತ್ತದೆ.

ಹಣ ಪಡೆದು ಜಾಹೀರಾತನ್ನು ಸುದ್ದಿಯ ರೂಪದಲ್ಲಿ ಪ್ರಕಟಿಸುವುದು ಕಾಸಿಗಾಗಿ ಸುದ್ದಿ. ಪರಸ್ಪರ ಪೈಪೋಟಿಯ ಪತ್ರಿಕೆಗಳಲ್ಲಿ ಒಂದೇ ಒಕ್ಕಣೆಯ, ಒಂದೇ ಛಾಯಾಚಿತ್ರದ ಹೊಗಳಿಕೆ ಕಾಣಿಸಿಕೊಂಡರೆ ಸಂಶಯಕ್ಕೆ ಎಡೆಯುಂಟು. ಸಮಿತಿಯು ಪರಿಶೀಲಿಸಿ ದೃಢಪಡಿಸಿದಲ್ಲಿ ಆ ವೆಚ್ಚವನ್ನು ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ಸೇರಿಸಲಾಗುತ್ತದೆ.

ಪತ್ರಿಕೆ ಅಥವಾ ವಾಹಿನಿಯೊಂದು ಒಂದು ಪಕ್ಷದತ್ತ ವಾಲಿ ಬರೆಯುವುದು, ಮಾತನಾಡುವುದು ಇವೆರಡಕ್ಕಿಂತ ಭಿನ್ನ. ಪಕ್ಷಪಾತವೊಂದೇ ಅಪರಾಧವಲ್ಲ. ಅದಕ್ಕೆ ತಕ್ಕ ಉತ್ತರವೆಂದರೆ ಇನ್ನೊಂದು ಮೂಲದೊಡನೆ ಹೋಲಿಸಿ ನೋಡುವ ಮತದಾರನ ವಿವೇಕ. ಸಾರ್ವಜನಿಕ ಪ್ರಸಾರ ಸಂಸ್ಥೆಯ ಹೊಣೆ ಇದಕ್ಕಿಂತ ಹೆಚ್ಚಿನದು. ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಉಚಿತ ಸಮಯ ನೀಡುವ ಪದ್ಧತಿ 1998ರಿಂದ ನಡೆದುಬಂದಿದೆ.

ಪಂಚಾಯಿತಿಯ ಸಾಧನಗಳು

ಕಸ ಸಂಗ್ರಹಿಸುವ ವಾಹನದ ಧ್ವನಿವರ್ಧಕ, ಪಂಚಾಯಿತಿ ಕಟ್ಟಡದ ಗೋಡೆ, ಕುಡಿಯುವ ನೀರಿನ ಸರದಿ ತಿಳಿಸಲು ರಚಿಸಿದ ವಾಟ್ಸ್‌ಆ್ಯಪ್ ಗುಂಪು, ಇವೆಲ್ಲ ಸಾರ್ವಜನಿಕ ಸಾಧನಗಳು. ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವಾಗ ಇವುಗಳನ್ನು ಯಾವ ಪಕ್ಷದ ಪ್ರಚಾರಕ್ಕೂ ಬಳಸತಕ್ಕದ್ದಲ್ಲ. ಸದಸ್ಯರು ಸ್ವಂತ ಖಾತೆಯಲ್ಲಿ ಸ್ವಂತ ಅಭಿಪ್ರಾಯ ಬರೆಯಲು ಪೂರ್ವಾನುಮತಿ ಬೇಕಿಲ್ಲ. ಆದರೆ ಧರ್ಮ, ಜಾತಿ, ಭಾಷೆಯ ಆಧಾರದ ಮೇಲೆ ದ್ವೇಷ ಹರಡಿದಲ್ಲಿ 125ನೇ ಪ್ರಕರಣದಂತೆ 3 ವರ್ಷಗಳವರೆಗೆ ಸೆರೆವಾಸವಾಗಬಹುದು. ಕನ್ನಡ, ತಮಿಳು ಎರಡನ್ನೂ ಆಡುವ ಜನರು ಒಟ್ಟಿಗೆ ಬಾಳುತ್ತಿರುವ ಗಡಿ ಗ್ರಾಮಗಳಲ್ಲಿ ಈ ಎಚ್ಚರ ವಿಶೇಷವಾಗಿ ಅವಶ್ಯ.

ಟೀಕೆಯನ್ನು ತಡೆಯಬಾರದು

ನೀತಿ ಸಂಹಿತೆಯ ಹೆಸರಿನಲ್ಲಿ ಗ್ರಾಮಸ್ಥರ ಬಾಯಿ ಮುಚ್ಚಿಸುವುದು ಅಷ್ಟೇ ದೊಡ್ಡ ತಪ್ಪು. ರಸ್ತೆಯಿಲ್ಲ, ನೀರಿಲ್ಲ ಎಂದು ಹೇಳುವುದು, ಮತ ಕೇಳಲು ಬಂದವರನ್ನು ಪ್ರಶ್ನಿಸುವುದು, ಪಂಚಾಯಿತಿಯನ್ನೇ ಟೀಕಿಸುವುದು ಪ್ರತಿಯೊಬ್ಬನ ಹಕ್ಕು. ಬೆದರಿಕೆ ಮತ್ತು ಹಿಂಸೆ ಮಾತ್ರ ಈ ಹಕ್ಕಿನೊಳಗೆ ಬರುವುದಿಲ್ಲ. 2024ರ ಏಪ್ರಿಲ್ 26ರಂದು ಇದೇ ತಾಲ್ಲೂಕಿನ ಇಂಡಿಗನತ್ತದಲ್ಲಿ ಮೂಲಸೌಕರ್ಯದ ಬೇಡಿಕೆಯಿಂದ ಮೊದಲಾದ ಮತದಾನ ಬಹಿಷ್ಕಾರವು ಮತಗಟ್ಟೆಯ ಧ್ವಂಸದಲ್ಲಿ ಕೊನೆಗೊಂಡು, ಏಪ್ರಿಲ್ 29ರಂದು ಮರುಮತದಾನ ನಡೆಸಬೇಕಾಯಿತು. ಜನರ ಅಹವಾಲು ಗ್ರಾಮಸಭೆಯಲ್ಲಿ ದಾಖಲಾಗಿ, ಮೇಲಿನ ಹಂತಕ್ಕೆ ತಲುಪಿ, ಉತ್ತರ ದೊರೆತಾಗ ಮಾತು ಮಾತಾಗಿಯೇ ಉಳಿಯುತ್ತದೆ.

ಸದಸ್ಯರು ಕೈಗೊಳ್ಳಬೇಕಾದ ಕ್ರಮ

1. ಉಲ್ಲಂಘನೆ ಕಂಡಲ್ಲಿ ದಿನ, ವೇಳೆ, ವಾಹಿನಿ ಅಥವಾ ಪತ್ರಿಕೆಯ ಹೆಸರನ್ನು ಬರೆದಿಟ್ಟುಕೊಳ್ಳುವುದು. ಕರಪತ್ರವಿದ್ದಲ್ಲಿ ಪ್ರತಿಯನ್ನು ಕಾಯ್ದಿರಿಸುವುದು.

2. 1950 ಸಹಾಯವಾಣಿ, ಸಿ-ವಿಜಿಲ್ ಆ್ಯಪ್ ಅಥವಾ ಜಿಲ್ಲಾ ಚುನಾವಣಾಧಿಕಾರಿಗಳ ಕಚೇರಿಗೆ ದೂರು ಸಲ್ಲಿಸುವುದು.

3. ಸ್ವತಃ ಯಾರ ಮೊಬೈಲನ್ನೂ ಕಸಿದುಕೊಳ್ಳದಿರುವುದು, ಯಾರ ಫಲಕವನ್ನೂ ಕೀಳದಿರುವುದು. ತೆರವುಗೊಳಿಸುವ ಅಧಿಕಾರ ಚುನಾವಣಾ ಸಿಬ್ಬಂದಿಗೆ ಸೇರಿದ್ದು.

ಮೇಲೆ ಹೇಳಿದ ಕಾಯ್ದೆಯ ಪ್ರಕರಣಗಳು ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಿಗೆ ಸಂಬಂಧಿಸಿದವು. ಪಕ್ಷರಹಿತವಾಗಿ ನಡೆಯುವ ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ ರಾಜ್ಯ ಚುನಾವಣಾ ಆಯೋಗವು ಹೊರಡಿಸುವ ಆದೇಶಗಳನ್ನು ಪಾಲಿಸತಕ್ಕದ್ದು. ಈ ಲೇಖನವನ್ನು ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸುವುದು ಸೂಕ್ತ.